ಎಂಟು ಅಡಿಗೆರೆ

ಕಳೆದ ವರ್ಷ ದೀಪಾವಳಿ ಕಳೆದ ಎರಡನೆಯ ಭಾನುವಾರ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಹಿರೇಕೊಡಿಗೆಯ ಒಂದು ಮನೆಯ ಜಗುಲಿಯಲ್ಲಿ, ನಡುಮನೆಗೆ ಹೋಗುವ ಬಾಗಿಲಿನ ಎಡಗಡೆ ನಾನು ನಿಂತಿದ್ದೆ. ಕುರ್ಚಿ ಕೊಟ್ಟಿದ್ದರು, ಕೂತಿರಲಿಲ್ಲ. ಕೈಯಲ್ಲಿ ಫೋನಿನ ಚಾರ್ಜರ್ ಇತ್ತು. ನಿಂತಲ್ಲಿಂದ ನನಗೆ ಆ ಮನೆಯ ಅಕ್ಕೋರು, ಅವರ ಅತ್ತೆ, ಅವರ ಗಂಡ ಮೂವರ ಮುಖವೂ ಕಾಣುತ್ತಿತ್ತು. ಅಂಗಳದಲ್ಲಿ ಕಟ್ಟಿದ್ದ ನಾಯಿ ನಮ್ಮ ಸ್ಕೂಟರನ್ನು ನೋಡಿ ಬೊಗಳುತ್ತಲೇ ಇತ್ತು. ನಾಯಿಯ ವಿಷಯ ಮುಂದೆ ಬರುತ್ತದೆ.

ಅಕ್ಕೋರು ಎಂದರೆ ಶಾಲೆಯ ಟೀಚರು. ಊರಿನ ಮಕ್ಕಳು ಹಾಗೆ ಕರೆಯುತ್ತಿದ್ದರು, ದೊಡ್ಡವರೂ ಅದನ್ನೇ ಹಿಡಿದಿದ್ದರು. ಅವರಿಗೆ ಗಂಟಲಲ್ಲಿ ಗಡ್ಡೆಯಾಗಿ, ಶಿವಮೊಗ್ಗದ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು. ಆಪರೇಷನ್ನಿಗೆ ಮೊದಲು ಅವರು ಕೊಪ್ಪದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಿದ್ದರು. ಆಗಲೇ ದನಿ ಒಡೆದಿತ್ತು, ಆದರೆ ಅವರದೇ ಎಂದು ಗೊತ್ತಾಗುವಷ್ಟು ಉಳಿದಿತ್ತು.

"ನಮ್ಮನೆಯವರಿಗೆ ಬರೆದು ತೋರಿಸಿದ್ರೆ ಸಾಕು," ಎಂದರು. "ಅತ್ತೆಗೆ ಕಣ್ಣು ಕಾಣಲ್ಲ. ಅವರಿಗೆ ನಾನು ಅಂದ್ರೆ ದನಿ ಒಂದೇ. ನಾಳೆ ನಾನು ಎದುರಿಗೆ ನಿಂತ್ರೂ ಅವರ ಪಾಲಿಗೆ ನಾನು ಇಲ್ದಿದ್ದ ಹಾಗೆ. ಏನಾದ್ರೂ ಮಾಡಕ್ಕಾಗುತ್ತಾ?"

ಆಗುತ್ತದೆ ಎಂದೆ. ದಿನವೂ ಮನೆಯಲ್ಲಿ ಆಡುವ ಮಾತುಗಳನ್ನು ಒಂದೊಂದಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದೊಂದು ಮಾತನ್ನೂ ಬೇರೆ ಫೈಲ್ ಮಾಡಿ, ಆ ಮಾತನ್ನೇ ಫೈಲಿಗೆ ಹೆಸರಾಗಿ ಇಡಿ, ಉಳಿದದ್ದು ನಮಗೆ ಬಿಡಿ ಎಂದೆ. ಆಮೇಲೆ ಬೇಕಾದ ಮಾತನ್ನು ಫೋನಿನಲ್ಲಿ ಒತ್ತಿದರೆ ಅದು ಅವರ ದನಿಯಲ್ಲೇ ಬರುತ್ತದೆ.

ನಾವು ಎಂದರೆ ಮೂವರು. ನಾನು, ಶೃಂಗೇರಿಯಲ್ಲಿ ಯಾತ್ರಿಕರ ವಸತಿಗೃಹವೊಂದರ ಮ್ಯಾನೇಜರ್ ಆಗಿರುವ ಗೆಳೆಯ, ನರಸಿಂಹರಾಜಪುರದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಇನ್ನೊಬ್ಬ. ನಾವು ಹವ್ಯಾಸಕ್ಕೆ ಒಂದು ಬುಲೆಟಿನ್ ಬೋರ್ಡ್ ನಡೆಸುತ್ತೇವೆ. ಇಂಟರ್ನೆಟ್ ಮನೆಮನೆಗೆ ಬರುವ ಮೊದಲು ಜನ ಒಬ್ಬರ ಕಂಪ್ಯೂಟರಿಗೆ ಫೋನ್ ಲೈನಿನಲ್ಲಿ ಸೇರಿ ಅಲ್ಲಿ ಸಂದೇಶ, ಫೈಲು ಬಿಟ್ಟುಹೋಗುತ್ತಿದ್ದರಂತೆ. ಅದೇ ಬಗೆಯದು, ಪರದೆಯ ಮೇಲೆ ಅಕ್ಷರ ಮಾತ್ರ, ಚಿತ್ರವಿಲ್ಲ. ನಮ್ಮ ಗುಡ್ಡಗಳ ನಡುವೆ ಸಿಗ್ನಲ್ ಎಷ್ಟು ಕ್ಷೀಣವಾದರೂ ಅಕ್ಷರ ಹೋಗುತ್ತದೆ. ನನ್ನ ಅಂಗಡಿಯ ಮೂಲೆಯಲ್ಲಿ, ಯಾರೋ ಬೇಡವೆಂದು ಬಿಟ್ಟುಹೋದ ಕಂಪ್ಯೂಟರಿನಲ್ಲಿ, ಲಿನಕ್ಸ್ ಹಾಕಿ ಅದನ್ನು ನಿಲ್ಲಿಸಿದ್ದೆವು. ಅಕ್ಕೋರೂ ಅದರ ಸದಸ್ಯರೇ. ಅಲ್ಲಿ ಒಗಟು ಹಾಕಿ ನಮ್ಮನ್ನು ಗೋಳು ಹುಯ್ದುಕೊಳ್ಳುತ್ತಿದ್ದರು.

ಬೋರ್ಡಿಗೆ ಬಂದ ಫೈಲನ್ನು ಹಾಗೆಯೇ ಇಡುವಂತಿಲ್ಲ. ಹಲವು ಫೈಲುಗಳನ್ನು ಒಂದಾಗಿಸಿ ಕಳಿಸಿದ ಜಿಪ್ ಕಟ್ಟನ್ನು ಬಿಚ್ಚಬೇಕು, ವೈರಸ್ ಇದೆಯೇ ನೋಡಬೇಕು, ಹೆಸರನ್ನು ಒಪ್ಪ ಮಾಡಬೇಕು, ಪಟ್ಟಿಗೆ ಸೇರಿಸಬೇಕು, ಕೊನೆಗೆ ಬಂದ ಕಟ್ಟನ್ನು ಅಳಿಸಿ ಜಾಗ ಖಾಲಿ ಮಾಡಬೇಕು. ಇದನ್ನೆಲ್ಲ ತಾನಾಗಿ ಮಾಡುವ ಸಲಕರಣೆಗಳನ್ನು ನಾನು ಒಂದಕ್ಕೊಂದು ಜೋಡಿಸಿ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮ್, ಬರೆದಿದ್ದೆ. ಬೋರ್ಡಿನ ಹಳೆಯ ಕಾಲದ ಪ್ರೋಗ್ರಾಮಿಗೆ ಇಂಗ್ಲಿಷ್ ಅಲ್ಲದ ಫೈಲ್ ಹೆಸರು ಹಿಡಿಸುತ್ತಿರಲಿಲ್ಲ. ಅದಕ್ಕೆ ಇಂಗ್ಲಿಷ್ ಅಲ್ಲದ ಚಿಹ್ನೆ, ಖಾಲಿ ಜಾಗ ಎಲ್ಲಿ ಕಂಡರೂ ಅಲ್ಲೊಂದು ಅಡಿಗೆರೆ, ಅಂದರೆ ಅಂಡರ್‌ಸ್ಕೋರ್, ಹಾಕು ಎಂದು ಬರೆದೆ. ಪಟ್ಟಿಯಲ್ಲಿ ಮಾತ್ರ ಮೊದಲಿನ ಹೆಸರು ಪೂರ್ತಿ ಉಳಿಯುವಂತೆ ನೋಡಿಕೊಂಡೆ. ಅದು ನನ್ನ ಜಾಣತನ ಎಂದುಕೊಂಡಿದ್ದೆ.

ನರಸಿಂಹರಾಜಪುರದವನು ಬೋರ್ಡಿನಲ್ಲೇ ಕೇಳಿದ್ದ: "ಕನ್ನಡ ಹೆಸರು ಹಾಕಿ ನೋಡಿದ್ಯಾ ಮಾರಾಯ? ಇಲ್ಲ ಬರೀ ಇಂಗ್ಲಿಷ್ ದೊರೆಗಳಿಗೆ ಮಾತ್ರ ಪ್ರವೇಶವಾ?"

"ನೋಡ್ತೀನಿ ಬಿಡು" ಎಂದು ಉತ್ತರಿಸಿದ್ದೆ. ನೋಡಲಿಲ್ಲ. ಕೊಪ್ಪದಲ್ಲಿ ಹುಟ್ಟಿ, ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಸಿಟ್ಟೂ ಮಾಡಲು ಬಾರದ ನಾನು, ನನ್ನ ಸಲಕರಣೆಯನ್ನು ಪರೀಕ್ಷಿಸಿದ್ದು ಇಂಗ್ಲಿಷ್ ಹೆಸರಿನ ಫೈಲುಗಳಿಂದ.

ಅಕ್ಕೋರ ಫೈಲುಗಳ ಕಟ್ಟು ಬಂದ ದಿನ ಸ್ಕ್ರಿಪ್ಟ್ ಮಧ್ಯದಲ್ಲಿ ನಿಂತಿತು. ಈ ಹೆಸರಿನ ಫೈಲ್ ಆಗಲೇ ಇದೆ, ಅದರ ಮೇಲೆ ಬರೆಯಲೇ ಎಂದು ಕೇಳಿತು. ಸರಿ ಎಂದೆ. ಮತ್ತೆ ಕೇಳಿತು. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಹಿಂದೊಮ್ಮೆ ಅರ್ಧಕ್ಕೆ ನಿಂತ ಕೆಲಸದ ಫೈಲುಗಳು ಉಳಿದಿರಬೇಕು, ಅದಕ್ಕೇ ಕೇಳುತ್ತಿದೆ ಎಂದುಕೊಂಡೆ. ಕೇಳದೆ ಮುಂದುವರಿ ಎಂಬ ಆದೇಶವನ್ನು ಸ್ಕ್ರಿಪ್ಟಿಗೆ ಸೇರಿಸಿ ಮತ್ತೆ ಓಡಿಸಿದೆ. ಆಮೇಲೆ ಅದು ಏನನ್ನೂ ಕೇಳಲಿಲ್ಲ. ಕೆಲಸ ಮುಗಿಸಿ, ಬಂದ ಕಟ್ಟನ್ನು ಅಳಿಸಿ, ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ಅಕ್ಕೋರ ಅಷ್ಟೂ ಮಾತುಗಳು ಅಕಾರಾದಿಯಾಗಿ, ಒಂದೂ ತಪ್ಪದೆ ಇದ್ದವು. ಅದನ್ನು ನೋಡಿ ಅಕ್ಕೋರಿಗೆ ಸಂದೇಶ ಹಾಕಿದೆ: ಎಲ್ಲ ಬಂದಿದೆ, ಫೋನಿನಿಂದ ಅಳಿಸಿ ಜಾಗ ಮಾಡಿಕೊಳ್ಳಿ, ಆಸ್ಪತ್ರೆಯಲ್ಲಿ ಬೇಕಾಗುತ್ತದೆ.

ಶೃಂಗೇರಿಯ ಗೆಳೆಯ ಆ ಪಟ್ಟಿಯಿಂದ ಫೋನಿಗೆ ಗುಂಡಿಗಳನ್ನು ಮಾಡಿಕೊಟ್ಟ. ಒಂದೊಂದು ಗುಂಡಿಯ ಮೇಲೂ ಒಂದು ಮಾತು. ನಾವಿಬ್ಬರೂ ಕೇಳಿ ನೋಡಿದ್ದು ಒಂದನ್ನೇ. "ಹೌದು" ಎಂಬುದನ್ನು ಒತ್ತಿದೆವು, "ಹೌದು" ಎಂದಿತು. ಮಿಕ್ಕವನ್ನು ಒತ್ತಲು ಹೋದಾಗ ಗೆಳೆಯ ತಡೆದ. "ಅವರ ಮನೆ ಒಳಗಿನ ಮಾತು ಮಾರಾಯ. ಗಂಡನಿಗೆ ಎಂತ ಬೈದಿದಾರೋ ಏನೋ. ನಾವ್ಯಾಕೆ ಕೇಳೋದು?" ಸರಿ ಎನ್ನಿಸಿತು. ಆ ಮರ್ಯಾದೆಯನ್ನು ನಾವು ಪಾಲಿಸಿದೆವು.

ಈಗ ಜಗುಲಿಗೆ ಬರುತ್ತೇನೆ. ಶೃಂಗೇರಿಯ ಗೆಳೆಯನೂ ನಾನೂ ಬಂದು ಆಗಷ್ಟೇ ಗುಂಡಿಗಳನ್ನು ಅಕ್ಕೋರ ಫೋನಿಗೆ ಹಾಕಿದ್ದೆವು. ಅಕ್ಕೋರು ಆಸ್ಪತ್ರೆಯಿಂದ ಬಂದು ಕೆಲವು ದಿನಗಳಾಗಿದ್ದವು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿತ್ತು. ಮಡಿಲಲ್ಲಿ ಸ್ಲೇಟು. ಅತ್ತೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಸೊಸೆ ಮನೆಗೆ ಬಂದಿದ್ದಾಳೆ ಎಂದು ಅವರಿಗೆ ಹೇಳಿದ್ದರು. ಅವರು ಮಾತ್ರ ಬಂದವರಿಗೆಲ್ಲ, "ಬಂದಿದಾಳಂತೆ," ಎನ್ನುತ್ತಿದ್ದರಂತೆ. ಆ 'ಅಂತೆ'ಯನ್ನು ಅಕ್ಕೋರ ಗಂಡ ನಮಗೆ ಎರಡು ಸಲ ಹೇಳಿದರು.

"ಅಮ್ಮ, ಕೊಪ್ಪದವರು ಬಂದಿದಾರೆ. ಇವತ್ತು ಅವಳು ಮಾತಾಡ್ತಾಳೆ, ನೋಡು."

"ನೋಡೋದು ಎಲ್ಲಿಂದ ಬಂತೋ! ಕೇಳು ಅನ್ನು," ಎಂದರು ಅತ್ತೆ. ಎಲ್ಲರೂ ನಕ್ಕೆವು. ಅವರಿಗೂ ಖುಷಿಯಾಗಿತ್ತು. ಆಪರೇಷನ್ ಹೇಗಾಯಿತು, ನೋವಿದೆಯಾ, ಗಂಜಿ ಇಳಿಯುತ್ತದಾ ಎಂದು ಒಂದರ ಹಿಂದೊಂದು ಕೇಳತೊಡಗಿದರು.

ಅಕ್ಕೋರು ದಿನವೂ ಶಾಲೆಯಿಂದ ಬಂದೊಡನೆ ಬಾಗಿಲಲ್ಲೇ ಅತ್ತೆಯನ್ನು ಮೊದಲು ಕೇಳುತ್ತಿದ್ದುದು "ಊಟ ಆಯ್ತಾ" ಎಂದು. ಇವತ್ತೂ ಅದನ್ನೇ ಆರಿಸಿದರು. ಗುಂಡಿಯ ಮೇಲೆ ಆ ಅಕ್ಷರಗಳಿದ್ದದ್ದನ್ನು ನಾನು ನಿಂತಲ್ಲಿಂದ ಓದಿದ್ದೇನೆ. ಅವರ ಬೆರಳು ಅದರ ಮೇಲೆಯೇ ಬಿತ್ತು.

"ಸುಮ್ನಿರು!" ಎಂದಿತು ಫೋನು. ಅವರದೇ ದನಿ, ಗದರುವ ದನಿ.

ಅತ್ತೆಯ ಮಾತು ಅರ್ಧಕ್ಕೆ ನಿಂತಿತು. ಅಂಗಳದಲ್ಲಿ ನಾಯಿಯೂ ಬೊಗಳುವುದನ್ನು ನಿಲ್ಲಿಸಿತು.

"ಸರಿಯಾಗಿ ಒತ್ತು ಮಾರಾಯ್ತಿ," ಎಂದರು ಗಂಡ. ಅಕ್ಕೋರು ಗಾಬರಿಯಾಗಿ ಅದೇ ಗುಂಡಿಯನ್ನು ಮತ್ತೆ ಒತ್ತಿದರು.

"ಸುಮ್ನಿರು!"

"ಆಯ್ತು ಮಾರಾಯ್ತಿ, ಸುಮ್ನಿರ್ತೀನಿ," ಎಂದರು ಅತ್ತೆ. ಚಾಚಿದ್ದ ಕಾಲನ್ನು ಮಡಚಿಕೊಂಡರು. ದನಿ ಬಂದ ಕಡೆಗೆ ಮುಖ ತಿರುಗಿಸಿ ಕೇಳಿದರು: "ನನ್ನ ಮೇಲೆ ಸಿಟ್ಟಾ?"

ಅಕ್ಕೋರು 'ಇಲ್ಲ' ಎಂಬ ಗುಂಡಿಯನ್ನು ಹುಡುಕಿ ಒತ್ತಿದರು. ಅದನ್ನೂ ನಾನು ಓದಿದ್ದೇನೆ.

"ಹೌದು," ಎಂದಿತು.

ಅಕ್ಕೋರು ಫೋನನ್ನು ಮಗುಚಿ ನೆಲದ ಮೇಲಿಟ್ಟು, ಸರಿದು ಹೋಗಿ ಅತ್ತೆಯ ಕೈ ಹಿಡಿದರು. ಬಾಯಿ ತೆರೆದಿತ್ತು. ಬರೀ ಗಾಳಿಯ ಸದ್ದು ಬರುತ್ತಿತ್ತು, ಅದೂ ಕೊರಳಿನ ಬಟ್ಟೆಯ ಹಿಂದಿನಿಂದ.

ಆಗ ನನಗೆ ತಿಳಿಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ಅಕ್ಷರ, ಒತ್ತು, ಕೊಂಬು, ನಡುವಿನ ಖಾಲಿ ಜಾಗ ಎಲ್ಲವೂ ಬೇರೆ ಬೇರೆ ಚಿಹ್ನೆ. 'ಊಟ ಆಯ್ತಾ' ಎಂಟು ಚಿಹ್ನೆ, ಎಂಟು ಅಡಿಗೆರೆಯಾಯಿತು. 'ಸುಮ್ನಿರು' ಕೂಡ ಎಂಟೇ. ಎರಡಕ್ಕೂ ಒಂದೇ ಹೆಸರು ಬಂದು, ಆಮೇಲೆ ಬಂದದ್ದು ಮೊದಲಿನದನ್ನು ಅಳಿಸಿ ಅಲ್ಲಿ ಕೂತಿತು. 'ಇಲ್ಲ' ನಾಲ್ಕು, 'ಹೌದು' ನಾಲ್ಕು. ಒಂದೇ ಉದ್ದದ ಮಾತುಗಳಲ್ಲಿ ಅಕಾರಾದಿಯ ಕೊನೆಯದು ಮಾತ್ರ ಉಳಿದಿತ್ತು. ಸಾಲದ್ದಕ್ಕೆ, ಮೇಲೆ ಬರೆಯಲೇ ಎಂದು ಅದು ನನ್ನನ್ನು ಕೇಳಿತ್ತು.

ಅಲ್ಲೇ ಹೇಳಿದೆ. "ಅಕ್ಕೋರೇ, ನಿಮ್ಮ ಬೆರಳು ತಪ್ಪಿಲ್ಲ. ನಾನು ಬರೆದದ್ದು ತಪ್ಪಿದೆ."

"ಹಂಗಾದ್ರೆ ಸರಿ ಮಾಡು ಮಾರಾಯ, ಅದಕ್ಕೇನಂತೆ," ಎಂದರು ಗಂಡ.

"ಆಗಲ್ಲ. ಹಳೇದು ಅಳಿಸಿಹೋಗಿದೆ. ಫೋನಿಂದ ತೆಗೀರಿ ಅಂತ ಹೇಳಿದ್ದೂ ನಾನೇ."

ಅದು ಅರ್ಥವಾದಾಗ ಗಂಡ ನನ್ನನ್ನು ಬೈಯಲಿಲ್ಲ, ನಾನು ಕೂರದೆ ಬಿಟ್ಟ ಕುರ್ಚಿಯಲ್ಲಿ ತಾವೇ ಕೂತರು. ಅಕ್ಕೋರು ಸ್ಲೇಟಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು: 'ಸುಮ್ನಿರು ನಾಯಿಗೆ ಹೇಳಿದ್ದು. ಅತ್ತೆಗೆ ಹೇಳಿ.' ತಮ್ಮ ಮಾತಲ್ಲದ ಮಾತಿಗೆ ಅವರು ಅತ್ತೆಯ ಎದುರು ಸಮಜಾಯಿಷಿ ಕೊಡಬೇಕಾಗಿತ್ತು. ಅದನ್ನು ನಾನು ಅವರ ಪರವಾಗಿ ಹೇಳಬೇಕಾಗಿತ್ತು. ಹೇಳಿದೆ. ಯಂತ್ರ ಒಂದರ ಬದಲು ಇನ್ನೊಂದು ಮಾತು ಆಡಿತು, ತಪ್ಪು ನನ್ನದು, ಅವರು ಕೇಳಲು ಹೊರಟಿದ್ದು ಊಟ ಆಯ್ತಾ ಎಂದು.

ಅತ್ತೆ ತಲೆಯಾಡಿಸಿದರು. "ಗೊತ್ತಾಯ್ತಪ್ಪ. ಯಂತ್ರ ಹೇಳಿದ್ದು." ಆಮೇಲೆ ಸೊಸೆಯ ಕೈಯನ್ನು ಬಿಡದೆ ಅಂದರು, "ಆದ್ರೆ ದನಿ ಅವಳ್ದೇ ಅಲ್ವಾ?"

 

ಅಳಿಸಿಹೋದದ್ದನ್ನು ಹಿಂದಕ್ಕೆ ತರುವ ಸಲಕರಣೆಗಳನ್ನೆಲ್ಲ ಓಡಿಸಿ ನೋಡಿದೆ. ಆ ಡಿಸ್ಕಿನ ಮೇಲೆ ಆಗಲೇ ಬೇರೆ ಫೈಲುಗಳು ಬಂದು ಕೂತಿದ್ದವು. ತುಣುಕುಗಳು ಸಿಕ್ಕವು, ಮಾತಾಗುವಂಥದ್ದು ಒಂದೂ ಸಿಗಲಿಲ್ಲ. ಶಾಲೆಯ ವಾರ್ಷಿಕೋತ್ಸವದ ಹಳೆಯ ವಿಡಿಯೊಗಳಲ್ಲಿ ಹುಡುಕಿದೆವು. ಅಲ್ಲಿ ಅಕ್ಕೋರು ಮಕ್ಕಳನ್ನು ಸಾಲಾಗಿ ನಿಲ್ಲಿ ಎನ್ನುವುದು ಬಿಟ್ಟರೆ ಮನೆಗೆ ಬೇಕಾದ ಮಾತು ಇರಲಿಲ್ಲ.

ಆ ಮನೆಯವರು ಉಳಿದಷ್ಟರಲ್ಲೇ ದಾರಿ ಮಾಡಿಕೊಂಡರು. 'ಹೌದು' ಇತ್ತು. ಅತ್ತೆ ಹೌದು ಎಂಬ ಉತ್ತರ ಬರುವಂತೆಯೇ ಪ್ರಶ್ನೆ ಕೇಳಲು ಕಲಿತರು. ಬಟ್ಟೆ ಒಣಗಿತಾ, ಹೌದು. ಹಾಲು ಬಂತಾ, ಹೌದು. ಇಲ್ಲ ಎನ್ನಬೇಕಾದರೆ ಅಕ್ಕೋರು ಬಳಪದಿಂದ ಸ್ಲೇಟನ್ನು ಕುಟ್ಟುತ್ತಿದ್ದರು. ಆದರೆ ಫೋನ್ ಕೈಗೆತ್ತಿಕೊಂಡ ಸದ್ದಾದರೆ ಸಾಕು, ಅತ್ತೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರಂತೆ. ಮೊದಲು ಹೀಗಿರಲಿಲ್ಲ ಎಂದು ಗಂಡ ಹೇಳಿದ್ದು ಕೊಪ್ಪದ ಸಂತೆಯಲ್ಲಿ ಸಿಕ್ಕಾಗ, ನಾನಾಗಿ ಕೇಳಿದ್ದಕ್ಕೆ. ನನ್ನನ್ನು ನೋಯಿಸಲು ಹೇಳಿದ್ದಲ್ಲ.

ಬೋರ್ಡ್ ಈಗಲೂ ನಡೆಯುತ್ತಿದೆ. ಕನ್ನಡ ಹೆಸರುಗಳು ಈಗ ಕನ್ನಡದಲ್ಲೇ ಉಳಿಯುತ್ತವೆ. ಕೇಳದೆ ಮುಂದುವರಿ ಎಂಬ ಆದೇಶವನ್ನು ತೆಗೆದಿದ್ದೇನೆ. ಸ್ಕ್ರಿಪ್ಟ್ ನಿಂತು ಕೇಳಿದಾಗಲೆಲ್ಲ, ಗಿರಾಕಿ ಕಾದರೂ ಸರಿ, ಏನು ಕೇಳುತ್ತಿದೆ ಎಂದು ಕೊನೆಯವರೆಗೆ ಓದುತ್ತೇನೆ.

ಅತ್ತೆ ಈ ಯುಗಾದಿಗೆ ಮೊದಲು ತೀರಿಕೊಂಡರು. ಹೋದೆ. ಅದೇ ಜಗುಲಿಯಲ್ಲಿ, ಅದೇ ಬಾಗಿಲಿನ ಪಕ್ಕ ನಿಂತಿದ್ದೆ.

ಆ ಭಾನುವಾರ ನಡೆದದ್ದನ್ನು ನನ್ನ ಜೊತೆ ಕಣ್ಣಾರೆ ಕಂಡವರಲ್ಲಿ ಈಗ ಇರುವವರು ಇವರು: ನನ್ನ ಹಿಂದೆ ಜಗುಲಿಯ ಮೆಟ್ಟಿಲ ಮೇಲೆ ನಿಂತಿದ್ದ ಶೃಂಗೇರಿಯ ಗೆಳೆಯ. ಕುರ್ಚಿಯಲ್ಲಿ ಕೂತ ಗಂಡ. ಗುಂಡಿ ಒತ್ತಿದ ಅಕ್ಕೋರು. ಮತ್ತೆ ಅಂಗಳದ ನಾಯಿ. ಈಗಲೂ ಬೊಗಳಿದಾಗ ಅಕ್ಕೋರು ಫೋನ್ ಒತ್ತುತ್ತಾರಂತೆ, ಅದು ಸುಮ್ಮನಾಗುತ್ತದಂತೆ.