ಪೊರ್ಬುಗಳ ಬಾರ್ಲಿ ಮಿಲ್ಲು

ಪೊರ್ಬುಗಳ ಮುಂಗೈಯ ನರೆಗೂದಲಲ್ಲಿ ಯಾವಾಗಲೂ ಒಂದೆರಡು ಚೂರು ಬಾರ್ಲಿ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಕ್ರಿಶ್ಚಿಯನ್ ಹಿರಿಯರನ್ನು ನಾವು ತುಳುವರು ಪೊರ್ಬುಗಳು ಅನ್ನುತ್ತೇವೆ. ಕುವೈತಿನ ಅಹ್ಮದಿಯ ವರ್ಕ್‌ಶಾಪಿನಲ್ಲಿ ಅವರು ನನ್ನ ಫೋರ್‌ಮನ್, ಫರ್ವಾನಿಯಾದ ಕಟ್ಟಡದಲ್ಲಿ ಕೆಳಗಿನ ಮಹಡಿಯವರು. ಕೈಯಲ್ಲಿ ಹೊಟ್ಟು ಕಂಡಿತೆಂದರೆ ಮನೆಯಲ್ಲಿ ಬಿಯರಿಗೆ ಇಟ್ಟಿದ್ದಾರೆ ಎಂದೇ ಅರ್ಥ.

ಮದ್ಯಕ್ಕೆ ನಿಷೇಧವಿದ್ದ ದೇಶ; ಸಿಕ್ಕಿಬಿದ್ದರೆ ಅಲ್ಲಿರುವ ಪರವಾನಗಿ, ಆ ಇಕಾಮಾ ಖಲಾಸ್, ಮರುದಿನವೇ ಊರಿನ ವಿಮಾನ. ಅವರು ಮಾತ್ರ ಕುರಿಗೆ ಹಾಕುವ ಬಾರ್ಲಿಯ ಮೂಟೆ ತಂದು, ಬಚ್ಚಲಲ್ಲಿ ನೆನೆಸಿ, ಒದ್ದೆ ಗೋಣಿಯ ಮೇಲೆ ಮೊಳಕೆ ಬರಿಸಿ, ಟೆರೇಸಿನ ಬಿಸಿಲಿಗೆ ಹರವುತ್ತಿದ್ದರು. "ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದ್ದಾರೆ. ನಾನು ಬಿಯರು ಮಾಡಿದ್ರೆ ಎಂತ ತಪ್ಪು?" ಎನ್ನುವರು. ಹಾಗೆಂದು ಶಿಲುಬೆಯ ಗುರುತು ಹಾಕಿಕೊಳ್ಳದೆ ಒಂದು ಹಿಡಿ ಕಾಳನ್ನೂ ಒಡೆದವರಲ್ಲ.

ಒಡೆಯುವುದೇ ದೊಡ್ಡ ತಲೆನೋವಾಗಿತ್ತು. ಮಿರ್ಕಾಬಿನ ಪೇಟೆಯಿಂದ ತಂದ ಕಾಫಿ ಬೀಜದ ಯಂತ್ರ ಅರ್ಧ ಕಾಳನ್ನು ಧೂಳು ಮಾಡಿತು, ಇನ್ನರ್ಧವನ್ನು ಮುಟ್ಟಲೇ ಇಲ್ಲ. ಆಮೇಲೆ ಕೈಯಲ್ಲಿ ತಿರುಗಿಸುವ, ಎರಡು ಕಬ್ಬಿಣದ ಬಿಲ್ಲೆಗಳ ಮಿಲ್ಲನ್ನು ನಾನೇ ಆರಿಸಿದೆ, ನಾನೇ ಬಿಗಿ ಮಾಡಿ ಹಿಟ್ಟು ಮಾಡಿದೆ. ನಮ್ಮದು ಉಡುಪಿಯ ಹೋಟೆಲಿನ ಮನೆ; ನುಣ್ಣಗೆ ಅರೆದಷ್ಟೂ ಒಳ್ಳೆಯದು ಎಂಬುದು ನನಗೆ ಹುಟ್ಟಿನಿಂದ ಬಂದ ಬುದ್ಧಿ. ಬಿಸಿನೀರಿಗೆ ಹಾಕಿದ್ದೇ ಎಲ್ಲ ಅಂಟಾಗಿ, ಸೋಸಲು ಕಟ್ಟಿದ ಬಟ್ಟೆಯಿಂದ ಒಂದು ತೊಟ್ಟೂ ಇಳಿಯಲಿಲ್ಲ.

"ಇದು ನಿನ್ನ ದೋಸೆ ಹಿಟ್ಟಲ್ಲ ಮಾರಾಯ. ಸಿಪ್ಪೆ ಹಾಗೇ ಉಳೀಬೇಕು, ಒಳಗಿನ ಕಾಳು ಮಾತ್ರ ಒಡೀಬೇಕು. ಆ ಸಿಪ್ಪೆಯೇ ಸೋಸುವ ಜರಡಿ, ಗೊತ್ತುಂಟಾ?" ಎಂದರು. ಬೈಯಲಿಲ್ಲ. ಮುಂದಿನ ವಾರವೇ ವರ್ಕ್‌ಶಾಪಿನ ಗುಜರಿಯಿಂದ ಉಕ್ಕಿನ ಶಾಫ್ಟ್ ಎತ್ತಿಕೊಂಡು ಬಂದರು. ಊಟದ ವಿರಾಮದಲ್ಲಿ ಲೇತಿಗೆ ಕೊಟ್ಟು ಎರಡು ರೋಲರು ಮಾಡಿದೆ, ಅವರು ಪಕ್ಕದಲ್ಲೇ ನಿಂತು ಹೇಳಿಕೊಟ್ಟರು. ಎಷ್ಟು ಸಂದು ಬಿಡಬೇಕು ಎಂದಾಗ ನನ್ನ ಜೇಬಿನಿಂದ ಸಿವಿಲ್ ಐಡಿ ಕಾರ್ಡು ತೆಗೆದು ನಡುವೆ ತೂರಿಸಿ, "ಇಷ್ಟೇ" ಎಂದರು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಯಾವ ಅಪ್ಪನೂ ಇಷ್ಟು ಚೆನ್ನಾಗಿ ಕಲಿಸಿರಲಾರ ಎಂದುಕೊಂಡಿದ್ದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ನಮ್ಮ ಊರಿನವರು ಸೇರಿ ಜೋರ್ಡಾನಿಗೆ ಬಸ್ಸು ಮಾಡಿದರು, ನನ್ನ ಹೆಸರನ್ನೂ ಬರೆದುಕೊಂಡರು. ಪೊರ್ಬುಗಳು ಭುಜದ ಮೇಲೆ ಕೈಯಿಟ್ಟು, "ನನ್ನ ಕಾರಲ್ಲಿ ನಿನಗೊಂದು ಸೀಟು ಉಂಟು. ಶುಕ್ರವಾರ ಬೆಳಿಗ್ಗೆ ಒಟ್ಟಿಗೆ ಹೋಗುವ, ಹೆದರಬೇಡ" ಎಂದರು. ನಾನು ಬಸ್ಸಿನ ಜಾಗವನ್ನು ಬೇರೆಯವನಿಗೆ ಬಿಟ್ಟುಕೊಟ್ಟೆ.

ಶುಕ್ರವಾರ ಚೀಲ ಹಿಡಿದು ಇಳಿದಾಗ ಅವರ ಬಾಗಿಲಿಗೆ ಬೀಗ. ಕಟ್ಟಡದ ಕಾವಲುಗಾರ, ಒಬ್ಬ ಪಠಾಣ, ಮುಖ ತಪ್ಪಿಸಿ ಹೇಳಿದ: "ಸಾಬ್ ಕಲ್ ಹೀ ಗಯಾ, ಭಾಯಿ. ಬೀವಿ ಆಗೇ, ಪೀಛೇ ಕೀ ಸೀಟ್ ಪೇ ಟಿವಿ." ನಿನ್ನೆಯೇ ಹೊರಟುಹೋಗಿದ್ದರು; ಮುಂದೆ ಹೆಂಡತಿ, ಹಿಂದೆ ನನ್ನ ಸೀಟಿನಲ್ಲಿ ಟಿವಿ! ಬಾಗಿಲ ಪಕ್ಕ ಗೋಣಿ ಸುತ್ತಿಟ್ಟ ಆ ರೋಲರಿನ ಮಿಲ್ಲು ಕೂತಿತ್ತು. ಒಂದು ಚೀಟಿ ಕೂಡ ಇರಲಿಲ್ಲ. ಜಾಡಿಸಿ ಒದ್ದೆ, ಕಾಲಿನ ಉಗುರು ಕಿತ್ತುಬಂತು.

ಮುಂದಿನ ಬಸ್ಸು ಸಿಗಲು ಆರು ವಾರ ಹಿಡಿಯಿತು. ರೊಟ್ಟಿಯ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಬರುವ ದಿನಗಳೇ ಹೆಚ್ಚು. ಟೆರೇಸಿನಲ್ಲಿ ಅವರ ಬಾರ್ಲಿಯ ಮೂಟೆ ಉಳಿದಿತ್ತು. ರೋಲರುಗಳನ್ನು ಹತ್ತಿರ ತಂದು, ಎರಡೆರಡು ಸಲ ಹಾಕಿ, ಹೊಟ್ಟು ಕೇರಿ ನುಚ್ಚು ಮಾಡಿದೆ. ಅದೇ ಗಂಜಿ ನನಗೂ ಪಠಾಣನಿಗೂ ಎರಡು ಹೊತ್ತು. ಒಂದೊಂದು ತುತ್ತಿಗೂ ಅವರನ್ನು ಬೈದೆ, ಬೈಯುತ್ತಲೇ ಉಂಡೆ. ಹೊರಡುವಾಗ ಮಿಲ್ಲನ್ನು ಪಠಾಣನಿಗೆ ಕೊಟ್ಟೆ.

ಮರುವರ್ಷ ಮಂಗಳೂರಿನಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಯಾಕೆ ಬಿಟ್ಟು ಬಂದಿರಿ ಎಂದು ಕೇಳಬೇಕಿತ್ತು. ನನ್ನನ್ನು ಕಂಡು ಅವರ ಕಣ್ಣು ತುಂಬಿತು, ಅದು ನಾಟಕವಲ್ಲ. ಕುರ್ಚಿ ಎಳೆದುಕೊಂಡು, "ಗಡಿಯಲ್ಲಿ ಆ ಸಿಪಾಯಿಗಳು ಟಿವಿ ಕಿತ್ಕೊಂಡ್ರು ಮಾರಾಯ. ಮಿಲ್ಲನ್ನಾದ್ರೂ ನೀನು ತಂದ್ಯಾ?" ಎಂದರು. ಅವರ ಹೆಂಡತಿ ತಲೆ ತಗ್ಗಿಸಿ ಒಳಗೆ ಹೋದರು. ನೀರು ಕುಡಿದು ಎದ್ದುಬಂದೆ.

ಆಮೇಲೆ ಅವರು ಕಲಿಸಿದ ಲೇತಿನ ಕೆಲಸದಿಂದಲೇ ಉಡುಪಿಯಲ್ಲಿ ಸ್ವಂತ ವರ್ಕ್‌ಶಾಪು ಮಾಡಿದೆ, ಮಕ್ಕಳನ್ನು ಓದಿಸಿದೆ. ಅವರ ಮನೆಯ ಬೀದಿಗೆ ಕಾಲಿಡಲಿಲ್ಲ. ಹೋದ ವರ್ಷ ತೀರಿಕೊಂಡರೆಂದು ಸುದ್ದಿ ಬಂದಾಗ ಮಾತ್ರ ಹೋದೆ. ಪೆಟ್ಟಿಗೆಯಲ್ಲಿ ಜೋಡಿಸಿದ ಕೈಗಳ ಮೇಲೆ ಕೂದಲು ಪೂರ್ತಿ ಬಿಳಿಯಾಗಿತ್ತು, ಚೊಕ್ಕವಾಗಿತ್ತು. ಅಷ್ಟು ವರ್ಷದ ಸಿಟ್ಟಿನ ನಡುವೆಯೂ ಅಳು ಬಂತು.

ಇಗರ್ಜಿಗೆ ಹೊರಡುವಾಗ ಅವರ ಮಗ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದ. "ಬನ್ನಿ ಅಂಕಲ್, ನಿಮಗೊಂದು ಸೀಟು ಉಂಟು."

"ಬೇಡ ಮಗಾ" ಎಂದು ಬಿಸಿಲಲ್ಲಿ ನಡೆದೇ ಹೋದೆ.