ಬಿಳಿ ಬಾನೆಟ್ಟಿನ ಮೇಲೆ ಅರಿಶಿನ

ಮೂರು ಹಳದಿ ಗೆರೆಗಳು. ಒಂದೊಂದೂ ಬೆರಳಿನಷ್ಟು ಅಗಲ, ಗೇಣುದ್ದ. ನಡುವಿನ ಗೆರೆ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿತ್ತು. ಅಮ್ಮ ಯಾವುದಕ್ಕೆ ವಿಭೂತಿ ಹಚ್ಚಿದರೂ ಕೊನೆಗೆ ಕೈ ಹಾಗೇ ತಿರುಗುತ್ತದೆ.

ಕಳೆದ ವರ್ಷ ಆಯುಧಪೂಜೆಯ ಸಂಜೆ ಆಫೀಸಿನಿಂದ ಬಂದಾಗ ನನಗೆ ಕಂಡದ್ದು ಇದು. ಗೆರೆಗಳು ನನ್ನ ಕಾರಿನ ಮೇಲಿದ್ದಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಅವು ಇದ್ದದ್ದು ನಮ್ಮ ಮನೆಯ ಒಡತಿ ಲೊರೇನ್ ಅವರ ಬಿಳಿ ಮಸ್ಟಾಂಗ್ ಕಾರಿನ ಮೇಲೆ. ಅರವತ್ತರ ದಶಕದಲ್ಲಿ ಆ ಕಾರು ಮೊದಲ ಬಾರಿಗೆ ಮಾರಾಟಕ್ಕೆ ಬಂದ ವರ್ಷವೇ ಅವರ ತಂದೆ ಕೊಂಡದ್ದು. ಅಂದಿನಿಂದ ಅದಕ್ಕೆ ಎರಡನೆಯ ಸಲ ಬಣ್ಣ ಹೊಡೆಸಿಲ್ಲ.

ಸ್ಯಾನ್ ಹೋಸೆ ನಗರದ ಬೆರ್ರಿಯೆಸಾ ಬಡಾವಣೆಯಲ್ಲಿ ಲೊರೇನ್ ಅವರ ಹಿತ್ತಲಿನ ಸಣ್ಣ ಮನೆಯಲ್ಲಿ ನಾನು ಬಾಡಿಗೆಗಿದ್ದೇನೆ. ಅವರಿಗೆ ಎಪ್ಪತ್ತರ ಆಸುಪಾಸು. ಒಂಟಿ ಜೀವ. ದಿನಾ ಮಧ್ಯಾಹ್ನ ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿ, ಕಾರಿನ ಹೊದಿಕೆ ಸರಿಸಿ, ಒಂದು ಲೋಟ ಕಾಫಿ ಹಿಡಿದು ಸ್ಟೇರಿಂಗ್ ಮುಂದೆ ಕೂರುತ್ತಾರೆ. ಎಲ್ಲಿಗೂ ಹೋಗುವುದಿಲ್ಲ. ಕಾಫಿ ಮುಗಿದ ಮೇಲೆ ಇಳಿದು ಹೊದಿಕೆ ಎಳೆಯುತ್ತಾರೆ. ಯಾಕೆ ಎಂದು ನಾನು ಕೇಳಿರಲಿಲ್ಲ. ನಾನು ಅಂಥದ್ದನ್ನು ಕೇಳುವವಳಲ್ಲ.

ಕಾರು ಅವರೊಬ್ಬರದೇ ಅಲ್ಲ ಎಂಬುದು ಮಾತ್ರ ಗೊತ್ತಿತ್ತು. ಮುಕ್ಕಾಲು ಗಂಟೆ ದಾರಿಯ ಗಿಲ್‌ರಾಯ್‌ನಲ್ಲಿರುವ ಅವರ ಅಣ್ಣ ರೇ ಅವರಿಗೂ ಅದರಲ್ಲಿ ಪಾಲಿದೆ. ನೀರು ಹಾಕಬಾರದು, ಬಿಸಿಲಿಗೆ ತೆಗೆಯಬಾರದು, ಉಜ್ಜಬಾರದು ಎಂಬುದು ಅಣ್ಣನ ಕಟ್ಟಪ್ಪಣೆ. ಬಣ್ಣದ ಮೇಲೆ ಒಂದು ಕಲೆ ಬಿದ್ದ ದಿನ ಕಾರು ಗಿಲ್‌ರಾಯ್‌ಗೆ ಎಂದು ಇಬ್ಬರಿಗೂ ಒಪ್ಪಂದ. ವರ್ಷಕ್ಕೊಮ್ಮೆ ಪಾಲೋ ಆಲ್ಟೋದಲ್ಲಿ ಹಳೆ ಕಾರಿನವರೆಲ್ಲ ಸೇರುತ್ತಾರೆ. ಆ ಒಂದು ದಿನ ಮಾತ್ರ ರೇ ಬಂದು, ಬಣ್ಣವನ್ನೆಲ್ಲ ಪರೀಕ್ಷಿಸಿ, ಕಾರನ್ನು ಅಲ್ಲಿಗೆ ಓಡಿಸಿಕೊಂಡು ಹೋಗುತ್ತಾರೆ. ಆ ವರ್ಷ ಅದು ಬಂದದ್ದು ಆಯುಧಪೂಜೆ ಕಳೆದ ಎರಡನೆಯ ದಿನ, ಭಾನುವಾರ.

ಅಮ್ಮ ಮೈಸೂರಿನಿಂದ ಬಂದು ತಿಂಗಳಾಗಿತ್ತು. ದಸರಾ ಹೊತ್ತಿನಲ್ಲಿ ಊರು ಬಿಟ್ಟು ಬಂದೆನಲ್ಲ ಎಂಬ ಕೊರಗನ್ನು ನನ್ನ ಕಾರಿನ ಮೇಲೆ ತೀರಿಸಿಕೊಂಡಿದ್ದರು. ನಾನು ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆಯೇ ಅದಕ್ಕೆ ಚೆಂಡುಹೂವಿನ ಹಾರ, ಆರತಿ ಎಲ್ಲ ಆಗಿತ್ತು. ಅಷ್ಟಕ್ಕೇ ನಿಂತಿತೆಂದು ನಾನು ತಿಳಿದಿದ್ದೆ.

“ಏನಮ್ಮಾ ಇದು?”

“ಬೆಳಿಗ್ಗೆ ನಿನ್ ಕಾರಿಗೆ ಮಾಡಿದ್ನಲ್ಲ, ಅದನ್ನ ಲೊರೇನಮ್ಮ ಕಿಟಕೀಲಿ ನೋಡಿದಾರೆ ಕಣೇ. ನೀನು ಆ ಕಡೆ ಹೋದೆ, ಇವ್ರು ಈ ಕಡೆ ಬಂದು ನನ್ ಕೈ ಹಿಡ್ಕೊಂಡ್ರು. ತಟ್ಟೆ ತೋರಿಸ್ತಾರೆ, ಕಾರ್ ತೋರಿಸ್ತಾರೆ. ಬೇಡ ಅನ್ನಕ್ಕಾಗತ್ತಾ?”

“ವಿಭೂತಿ ಹಚ್ಚಿದ್ರೆ ಆಗ್ತಿತ್ತಲ್ಲ. ಅರಿಶಿನ ಯಾಕೆ?”

“ಬಿಳಿ ಕಾರ್ ಮೇಲೆ ವಿಭೂತಿ ಕಾಣತ್ತಾ? ನೀನೇ ಹೇಳು.”

ನಾನು ಬಗ್ಗಿ ಗೆರೆಗಳನ್ನು ಹತ್ತಿರದಿಂದ ನೋಡಿದೆ.

ಲೊರೇನ್ ಗ್ಯಾರೇಜಿನ ಮೆಟ್ಟಿಲ ಮೇಲೆ ಒದ್ದೆ ಬಟ್ಟೆ ಹಿಡಿದು ಕೂತಿದ್ದರು. ಮಧ್ಯಾಹ್ನ ಒರೆಸಲು ಹೋದಾಗ ಕುಂಕುಮ ಬಂತಂತೆ, ಅರಿಶಿನ ಬರಲಿಲ್ಲ. ನಾನು ಮೊಬೈಲಿನಲ್ಲಿ ಹುಡುಕಿ ಅಡುಗೆ ಸೋಡಾ, ಪಾಲಿಶ್ ಎಂದು ಒಂದೊಂದಾಗಿ ಓದಿ ಹೇಳಿದೆ.

“ಉಜ್ಜೋದು ಬೇಡ,” ಎಂದರು. “ಈ ಬಣ್ಣ ಈಗ ಕಾಗದದಷ್ಟು ತೆಳ್ಳಗಿದೆ. ಉಜ್ಜಿದ್ರೆ ಹಳದಿ ಜೊತೆ ಬಿಳೀನೂ ಹೋಗತ್ತೆ.” ಆಮೇಲೆ, “ನಿಮ್ಮಮ್ಮನ್ನ ಬೈಬೇಡ. ನಾನೇ ಕರೆದದ್ದು. ನನ್ನ ಕಾರಿಗೂ ಹಾಗೆ ಯಾರಾದ್ರೂ ಮಾಡ್ಲಿ ಅನ್ನಿಸ್ತು,” ಎಂದರು.

“ಅಣ್ಣನಿಗೆ ಏನು ಹೇಳ್ತೀರಿ?”

“ನಾಳೆ ಸಂಜೆ ಫೋನ್ ಮಾಡ್ತೀನಿ. ಇಲ್ಲಿ ಬಂದು ನೋಡಿ ಗೊತ್ತಾಗೋದಕ್ಕಿಂತ ಅದು ವಾಸಿ. ಗಿಲ್‌ರಾಯ್‌ನಲ್ಲಿ ಅವನ ಗ್ಯಾರೇಜ್ ಚೆನ್ನಾಗಿದೆ. ಕಾರಿಗೇನೂ ತೊಂದರೆ ಆಗಲ್ಲ.”

 ಮಧ್ಯಾಹ್ನದ ಆ ಕಾಫಿಯನ್ನು ಇನ್ನು ಅವರು ಎಲ್ಲಿ ಕೂತು ಕುಡಿಯುತ್ತಾರೆ ಎಂದು ಯೋಚಿಸಿದೆ. ಅಮ್ಮನಿಗೆ ಇಂಗ್ಲಿಷ್ ತಿಳಿಯದಿದ್ದರೂ ಎಲ್ಲ ಅರ್ಥವಾಗಿತ್ತು. ಅವರ ಮುಖ ಚಿಕ್ಕದಾಯಿತು. ಮೆಲ್ಲಗೆ ನನ್ನ ಹತ್ತಿರ, “ಇನ್ನೊಂದಿದೆ ಕಣೇ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದೆ. ಅವ್ರು ಗಾಡೀನೇ ತೆಗೀಲಿಲ್ಲ. ಪೂಜೆ ಅರ್ಧಕ್ಕೇ ನಿಂತುಬಿಡ್ತು,” ಎಂದರು. ಬಗ್ಗಿ ನೋಡಿದೆ. ಮುಂದಿನ ಟೈರುಗಳಿಗೆ ಒತ್ತಿಕೊಂಡು ಎರಡು ನಿಂಬೆಹಣ್ಣು ಹಾಗೇ ಕೂತಿದ್ದವು.

ಮರುದಿನ ಶನಿವಾರ. ಬೆಳಿಗ್ಗೆ ಮೋಡ ಕವಿದಿತ್ತು. ಬೇಲಿಯ ಮೇಲೆ ಹಿಂದಿನ ದಿನದಿಂದ ಒಣಗುತ್ತಿದ್ದ ಬಟ್ಟೆಗಳನ್ನು ತರಲು ಹೋದೆ. ಅದರಲ್ಲೊಂದು ಬಿಳಿ ಟವೆಲು. ಅದನ್ನು ಮಡಿಸುವಾಗ ಕೈ ನಿಂತಿತು.

“ಅಮ್ಮಾ, ಪೂಜೆ ಮಾಡಿ ಕೈ ಒರೆಸಿದ್ದು ಯಾವ ಟವೆಲಿಗೆ?”

“ಅದಕ್ಕೇ. ಎಷ್ಟು ಒಗೆದ್ರೂ ಹಳದಿ ಹೋಗ್ಲಿಲ್ಲ. ಹಾಳಾಗೋಗ್ಲಿ ಅಂತ ಬಿಸಿಲಿಗೆ ಹಾಕ್ದೆ...” ಅಮ್ಮ ಅಲ್ಲಿಗೇ ನಿಂತರು. ಟವೆಲನ್ನು ನನ್ನ ಕೈಯಿಂದ ಕಸಿದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು. ಅದರಲ್ಲಿ ಹಳದಿಯ ಸುಳಿವೇ ಇರಲಿಲ್ಲ.

ಚಿಕ್ಕಂದಿನಲ್ಲಿ ನನ್ನ ಬಿಳಿ ಸಮವಸ್ತ್ರದ ಮೇಲೆ ಸಾರು ಚೆಲ್ಲಿದಾಗಲೆಲ್ಲ ಅಮ್ಮ ಮಾಡುತ್ತಿದ್ದದ್ದೇ ಇದು, ಬಿಸಿಲಿಗೆ ಹಾಕಿ ಅರಿಶಿನದ ಬಣ್ಣ ಬಿಡಿಸುವುದು. ಆದರೆ ಅರಿಶಿನ ಕಾರಿನ ಮೇಲೆ ಬಿದ್ದ ಕೂಡಲೆ ನಾವಿಬ್ಬರೂ ಅದನ್ನು ಮರೆತಿದ್ದೆವು. ಬಟ್ಟೆಗೂ ಕಾರಿನ ಬಣ್ಣಕ್ಕೂ ವ್ಯತ್ಯಾಸವಿದೆ ಎಂದು ನಾನು ಮೊದಲು ಹಿತ್ತಲಿನ ಬಿಳಿ ಕಬ್ಬಿಣದ ಕುರ್ಚಿಗೆ ಅರಿಶಿನ ಹಚ್ಚಿ, ಒರೆಸಿ, ಕಲೆ ಉಳಿದದ್ದನ್ನು ಖಚಿತಪಡಿಸಿಕೊಂಡು ಬಯಲಿನಲ್ಲಿಟ್ಟೆ. ಹನ್ನೊಂದರ ಹೊತ್ತಿಗೆ ಮೋಡ ಸರಿಯಿತು. ಊಟದ ಹೊತ್ತಿಗೆ ಕುರ್ಚಿಯ ಮೇಲೆ ಕಲೆ ಎಲ್ಲಿತ್ತೆಂದು ಹುಡುಕಬೇಕಾಯಿತು.

ಅಮ್ಮನೂ ನಾನೂ ಕುರ್ಚಿಯನ್ನು ಗ್ಯಾರೇಜಿಗೆ ಹೊತ್ತು ತಂದು ಲೊರೇನ್ ಅವರಿಗೆ ತೋರಿಸಿದೆವು. ಅವರು ಕುರ್ಚಿಯನ್ನು ನೋಡಿದರು, ಕಾರನ್ನು ನೋಡಿದರು.

“ಬಿಸಿಲಿಗೆ ತೆಗೆಯೋದಾ? ರೇ ಮೊದಲು ಹೇಳಿದ್ದೇ ಅದು ಬೇಡ ಅಂತ.”

ನಾನು ಒತ್ತಾಯಿಸಲಿಲ್ಲ. ಕಾರು ಅವರದು. ಅವರು ಹೊದಿಕೆಯ ಅಂಚನ್ನು ಮಡಿಸಿದರು, ಬಿಡಿಸಿದರು. ಆಮೇಲೆ ನನಗೆ ಹೇಳಿದಂತೆಯೂ ಅಲ್ಲ, ತಮಗೇ ಹೇಳಿಕೊಂಡಂತೆಯೂ ಅಲ್ಲ, ಮಾತಾಡತೊಡಗಿದರು.

“ಇದು ಬರುತ್ತೆ ಅಂತ ಷೋರೂಮಿನವರು ಕಿಟಕಿ ಗಾಜಿಗೆಲ್ಲ ಕಾಗದ ಅಂಟಿಸಿದ್ರು. ನಂಗೆ ಎಂಟು ವರ್ಷ. ಅಪ್ಪ ಹಣ್ಣಿನ ಡಬ್ಬಿ ತುಂಬೋ ಕಾರ್ಖಾನೇಲಿದ್ರು, ಪಾಳಿ ಮುಗಿಸಿ ಬಟ್ಟೆ ಕೂಡ ಬದಲಾಯಿಸದೆ ನನ್ನನ್ನ ಕರ್ಕೊಂಡು ಹೋದ್ರು. ಕಾಗದ ತೆಗೆದಾಗ ಜನ ಹೇಗೆ ನುಗ್ಗಿದ್ರು ಅಂದ್ರೆ, ಅಪ್ಪ ನನ್ನ ಹೆಗಲ ಮೇಲೆ ಕೂರಿಸ್ಕೊಂಡ್ರು. ಅವರ ತಲೇಲಿ ಏಪ್ರಿಕಾಟ್ ಸಕ್ಕರೆ ಪಾಕದ ವಾಸನೆ. ಎಲ್ರಿಗಿಂತ ಮೇಲಿದ್ದ ನಂಗೆ ಮಾತ್ರ ಇಡೀ ಕಾರು ಕಾಣ್ತಿತ್ತು. ಅಪ್ಪ ಕೆಳಗಿಂದ ಕೇಳ್ತಾನೇ ಇದ್ರು, ‘ಏನು ಬಣ್ಣ? ಸೀಟು ಎಷ್ಟು? ಹೇಳು ಮಗೂ!’ ನಾನು ಹೇಳಿದ್ದನ್ನ ಕೇಳಿ ಅಪ್ಪ ಕಾರು ಕೊಂಡ್ರು ಅಂತ ಎಷ್ಟೋ ವರ್ಷ ನಂಬಿದ್ದೆ.”

ಅವರು ನಕ್ಕರು. “ಮನೆಗೆ ತಂದ ದಿನ ಸಂಜೆತನಕ ಬೀದೀಲೇ ನಿಲ್ಲಿಸಿದ್ರು, ಬಿಸಿಲಲ್ಲಿ. ಈ ಮನೆಗಳೆಲ್ಲ ಆಗ ಚೆರ್ರಿ ತೋಟ. ತೋಟದವರೆಲ್ಲ ಬಂದು ನೋಡಿ ಹೋದ್ರು. ಆಗ ಏನೂ ಆಗ್ಲಿಲ್ಲ ಇದಕ್ಕೆ.” ಜೇಬಿನಿಂದ ಕೀಲಿ ತೆಗೆದರು. “ಜರುಗಿ ಇಬ್ಬರೂ.”

ಎಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಯಿತು. ಅಮ್ಮ ಓಡಿ ಬಂದು ನಿಂಬೆಹಣ್ಣುಗಳನ್ನು ಟೈರಿನ ಹಿಂದಕ್ಕೆ ಸರಿಸಿಟ್ಟರು. ಕಾರು ಹಿಂದಕ್ಕೆ ಚಲಿಸಿತು. ಮೊದಲು ಒಂದು, ಬೆನ್ನಿಗೇ ಇನ್ನೊಂದು, ಎರಡೂ ಪಟ್ಟನೆ ಒಡೆದವು. ಅಮ್ಮ ಕಣ್ಣು ಮುಚ್ಚಿ ಕೈ ಮುಗಿದರು.

ಗ್ಯಾರೇಜಿನಿಂದ ಬೀದಿಗೆ ಹೋಗುವ ಡ್ರೈವ್‌ವೇಯ ತುದಿಯಲ್ಲಿ ಕಾರು ನಿಂತಿತು. ನಾವು ಮೂವರೂ ಕುರ್ಚಿ ಹಾಕಿಕೊಂಡು ಕೂತೆವು, ಹಪ್ಪಳ ಕಾಯುವವರ ಹಾಗೆ. ಮಕ್ಕಳನ್ನು ವಾಕಿಂಗ್ ಕರೆದುಕೊಂಡು ಹೊರಟವರು ನಿಂತರು. ಸೈಕಲ್ಲಿನವರು ಇಳಿದು ಫೋಟೋ ತೆಗೆದುಕೊಂಡರು. ಪ್ರತಿಯೊಬ್ಬರಿಗೂ ಲೊರೇನ್ ಷೋರೂಮಿನ ಕಥೆಯನ್ನು ಮೊದಲಿನಿಂದ ಹೇಳಿದರು. ಆ ಹಳದಿ ಏನೆಂದು ಕೇಳಿದವರಿಗೆ ಅಮ್ಮನನ್ನು ತೋರಿಸಿ, “ಇವರ ಆಶೀರ್ವಾದ,” ಎಂದರು. ನಾಲ್ಕರ ಹೊತ್ತಿಗೆ ಎರಡು ಗೆರೆ ಪೂರ್ತಿ ಮಾಯವಾಗಿದ್ದವು. ನಡುವಿನ ಗೆರೆಯ ತಿರುಗಿದ ತುದಿ ಮಾತ್ರ ಉಗುರಿನಷ್ಟು ಉಳಿದಿತ್ತು.

“ಅಣ್ಣನಿಗೆ ಫೋನ್ ಮಾಡ್ತೀರಾ?” ಎಂದು ಕೇಳಿದೆ.

“ನಾಳೆ ಬೆಳಿಗ್ಗೆ ಇನ್ನೊಂದು ಬಿಸಿಲು ನೋಡೋಣ,” ಎಂದರು ಲೊರೇನ್.

ಭಾನುವಾರ ಮೋಡವಿರಲಿಲ್ಲ. ರೇ ಬಂದಾಗ ಕಾರು ಗ್ಯಾರೇಜಿಗೆ ಮರಳಿತ್ತು. ಎತ್ತರದ ಮನುಷ್ಯ, ಮಾತು ಕಡಿಮೆ. ನಮಗೆ ತಲೆಯಾಡಿಸಿ, ಹೊದಿಕೆ ತೆಗೆದು, ಸುತ್ತ ಒಂದು ಬಾರಿ ನಡೆದರು. ಬಾನೆಟ್ಟನ್ನು ದಾಟಿ ಹೋದರು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವರು ನಿಂತು ಮೂಗರಳಿಸಿದರು.

“ಇಲ್ಲಿ ನಿಂಬೆಹಣ್ಣಿನ ವಾಸನೆ ಯಾಕಿದೆ?”

ಬಗ್ಗಿ, ನೆಲಕ್ಕೆ ಅಂಟಿದ್ದ ಸಿಪ್ಪೆಯೊಂದನ್ನು ಕಿತ್ತು ಹಿಡಿದರು. ಲೊರೇನ್ ನನ್ನ ಮುಖ ನೋಡಿದರು. ನಿಂಬೆಹಣ್ಣಿನಿಂದ ನೆಲ ತೊಳೆದೆವು ಎಂದುಬಿಡಬಹುದಿತ್ತು. ಆದರೆ ಆ ಮನುಷ್ಯನ ಎದುರು ಸುಳ್ಳು ನಿಲ್ಲುವುದಿಲ್ಲ ಎನ್ನಿಸಿತು. ಕ್ರಮವಾಗಿ ಎಲ್ಲ ಹೇಳಿದೆ. ಪೂಜೆ, ಅರಿಶಿನ, ಟವೆಲು, ಕುರ್ಚಿ, ಬಿಸಿಲು.

ಅವರು ಬಾನೆಟ್ಟಿನ ಹತ್ತಿರ ಹೋಗಿ, ಕೆನ್ನೆ ತಾಗುವಷ್ಟು ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದರು. “ಎಲ್ಲಿ ಹಚ್ಚಿದ್ದು?” ನಾನು ಅಮ್ಮನಿಗೆ ಹೇಳಿದೆ. ಅಮ್ಮ ಬೆರಳನ್ನು ಬಣ್ಣಕ್ಕೆ ತಾಗಿಸದೆ ಗಾಳಿಯಲ್ಲೇ ಮೂರು ಗೆರೆ ಎಳೆದು ತೋರಿಸಿದರು.

ರೇ ನೆಟ್ಟಗೆ ನಿಂತು ತಂಗಿಯ ಕಡೆ ತಿರುಗಿದರು. “ನಮ್ಮಮ್ಮ ಹಾಕಿಸಿದ್ದೂ ಇಲ್ಲೇ.”

“ಏನು ಹಾಕಿಸಿದ್ದು?”

“ನೀರು. ಕಾರು ಬಂದ ದಿನ ಅಮ್ಮ ಚರ್ಚಿಂದ ಪಾದ್ರಿಗಳನ್ನ ಕರೆಸಿದ್ರು, ಮರೆತೆಯಾ? ಅವರು ತೀರ್ಥ ಚಿಮುಕಿಸ್ತಾ ಮುಂದೆ ಹೋದ್ರೆ, ಅಪ್ಪ ಬಟ್ಟೆ ಹಿಡ್ಕೊಂಡು ಒರೆಸ್ತಾ ಹಿಂದೆ. ಕೊನೆಗೆ ಪಾದ್ರಿಗಳು ತಿರುಗಿ, ‘ನೀವು ಒರೆಸಿದ್ರೆ ಆಶೀರ್ವಾದ ಎಲ್ಲಿ ಉಳಿಯುತ್ತೆ?’ ಅಂದ್ರು.”

“ಸುಳ್ಳು! ನಾನೂ ಅಲ್ಲೇ ಇದ್ದೆ.”

“ನೀನು ಬಂದವರಿಗೆಲ್ಲ ಷೋರೂಮಿನ ಕಥೆ ಹೇಳ್ತಾ ಬೀದೀಲಿದ್ದೆ. ಆಗಿಂದ ಅದನ್ನೇ ಹೇಳ್ತಿದೀಯ.”

ಲೊರೇನ್ ಅಣ್ಣನ ತೋಳಿಗೆ ಹೊಡೆದರು. ಅಲ್ಲಿಯವರೆಗೆ ಗಂಟುಮುಖ ಹಾಕಿಕೊಂಡಿದ್ದ ರೇ ನಕ್ಕುಬಿಟ್ಟರು. ಹೊರಡುವಾಗ ಕೀಲಿಗೆ ಕೈ ಚಾಚಲಿಲ್ಲ. ಪಕ್ಕದ ಸೀಟಿನ ಬಾಗಿಲು ತೆಗೆದು ಕೂತು, “ನೀನೇ ಓಡಿಸು. ನಿಂಗೇ ಅಲ್ವಾ ಎಲ್ಲ ಕಾಣೋದು,” ಎಂದರು. ಆಮೇಲೆ ಕಿಟಕಿಯಿಂದ ಅಮ್ಮನತ್ತ ಬಗ್ಗಿ ಆ ಸಿಪ್ಪೆ ತೋರಿಸಿ, ಇವತ್ತಿಗೆ ನಿಂಬೆಹಣ್ಣು ಬೇಡವೇ ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳುವ ಮುಂಚೆಯೇ ಅಮ್ಮ ಒಳಗೆ ಓಡಿದ್ದರು.

ಸಂಜೆ ಕಾರು ವಾಪಸು ಬಂತು. ಗಿಲ್‌ರಾಯ್ ಮಾತನ್ನು ಯಾರೂ ಎತ್ತಲಿಲ್ಲ. ರೇ ಹೋಗುವಾಗ ತಂಗಿಗೆ, ಆಗಾಗ ಬಿಸಿಲಿಗೆ ತೆಗೆ, ಟೈರಿಗೂ ಒಳ್ಳೆಯದು ಎಂದಷ್ಟೇ ಹೇಳಿದರು. ಆ ಕ್ಷಣ ಮನಸ್ಸು ಹಗುರಾದದ್ದು ನನಗೆ ಇಂದಿಗೂ ನೆನಪಿದೆ. ಪರೀಕ್ಷೆಯ ಫಲಿತಾಂಶ ಬಂದಾಗಲೂ ನನಗೆ ಅಷ್ಟು ನಿರಾಳವಾಗಿರಲಿಲ್ಲ.

ನಮ್ಮ ಡ್ರೈವ್‌ವೇಯಲ್ಲಿ ಬೆಳಗಿನ ಬಿಸಿಲು ಮೊದಲು ಬೀಳುವುದು ನಾನು ಕಾರು ನಿಲ್ಲಿಸುವ ಜಾಗದಲ್ಲಿ. ಸೋಮವಾರ ಎದ್ದವಳೇ ನನ್ನ ಕಾರನ್ನು ಅಲ್ಲಿಂದ ತೆಗೆದು ಬೀದಿಯ ಅಂಚಿಗೆ ನಿಲ್ಲಿಸಿದೆ. ಇಳಿದು ಬಾಗಿಲು ಹಾಕುವಷ್ಟರಲ್ಲಿ ಹಿಂದೆ ಗ್ಯಾರೇಜಿನ ಬಾಗಿಲು ಮೇಲಕ್ಕೆ ಏಳುವ ಸದ್ದು ಕೇಳಿಸಿತು, ಈ ಸಲ ಪೂರ್ತಿಯಾಗಿ.