ಸೂಜಿಮಾಮನ ಎಡಗಾಲು
ನಮ್ಮ ಬೀದಿಯ ಸೂಜಿಮಾಮನ ಹತ್ತಿರ ಮೊದಲ ಸಲ ಹೋದವರು ಹೌಹಾರದೆ ಹೊರಗೆ ಬಂದದ್ದೇ ಇಲ್ಲ. ಅಕ್ಯುಪಂಕ್ಚರ್ ಮಾಡುವ ಈ ಮನುಷ್ಯನ ಕೋಣೆಯಲ್ಲಿ ಎರಡು ಮಂಚ, ನಡುವೆ ಒಂದು ಪರದೆ. ಬರುವವರು ಮೀನಖಂಡ ಹಿಡಿದುಕೊಂಡ ಓಟಗಾರರು, ಮಂಡಿ ತಿರುಚಿಕೊಂಡ ಫುಟ್‌ಬಾಲಿನವರು, ಬೆಟ್ಟ ಇಳಿಯುವಾಗ ಕಾಲು ಉಳುಕಿಸಿಕೊಂಡ ನನ್ನಂಥವರು. ಮೈದಾನದಲ್ಲಿ ಹುಲಿಯಾಗಿದ್ದವರೆಲ್ಲ ಇಲ್ಲಿ ಕೂದಲೆಳೆಯಂಥ ಸೂಜಿ ಕಂಡು ಬೆಕ್ಕಿನ ಮರಿಗಳಾಗುತ್ತಾರೆ. "ಮಾಮ, ನಾಳೆ ಬರ್ತೀನಿ" ಎಂದು ಚಪ್ಪಲಿ ಹುಡುಕುವವರಿಗೆ ಆತ ಬಾಯಿಮಾತಿನ ಸಮಾಧಾನ ಹೇಳುವುದಿಲ್ಲ. ಪ್ಯಾಂಟಿನ ಎಡಗಾಲು ಮಡಚಿ, ಹೊಸ ಸೂಜಿ ಬಿಚ್ಚಿ, ತನ್ನ ಮಂಡಿಯ ಕೆಳಗೇ ಚುಚ್ಚಿಕೊಳ್ಳುತ್ತಾನೆ. ರೆಪ್ಪೆಯೂ ಅಲುಗದು! "ನೋಡಪ್ಪಾ, ನಾನೇನಾದ್ರೂ ಸತ್ನಾ?" ಆ ಸೂಜಿ ಇಟ್ಟುಕೊಂಡೇ ಫೋನಿನಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಾನೆ. ಒಮ್ಮೆ ಅದನ್ನು ಮರೆತು ಬಾಗಿಲ ತನಕ ಕುಂಟುತ್ತ ಹೋದಾಗ ಅಂಚೆಯವನು ಕಾಗದ ಅಲ್ಲೇ ಬಿಸಾಡಿ ಓಡಿದ್ದನಂತೆ. ಮೊನ್ನೆ ನನ್ನ ಬಿಟ್ಟರೆ ಬೇರೆ ಯಾರೂ ಬಂದಿರಲಿಲ್ಲ. ಮಂಚದಿಂದ ಪರದೆ ಸರಿಸಿ ನೋಡಿದರೆ, ಸೂಜಿಮಾಮ ಒಬ್ಬನೇ ಕೂತು ಅದೇ ಎಡಗಾಲಿಗೆ ಒಂದರ ಹಿಂದೊಂದು ಸೂಜಿ ಚುಚ್ಚಿಕೊಳ್ಳುತ್ತಿದ್ದಾನೆ! "ಅಯ್ಯಯ್ಯೋ, ಇದೇನ್ ಮಾಮ, ಈಗ ಯಾರಿಗೆ ತೋರಿಸ್ತಿದ್ದೀರಿ?" ಎಂದು ಕೂಗಿಕೊಂಡೆ. ಆತ ತಲೆ ಎತ್ತಲಿಲ್ಲ. "ಹೈಜಂಪ್ ಹಾರ್ತಿದ್ದ ಕಾಲು ಕಣಯ್ಯಾ ಇದು. ಆವತ್ತು ಬಿದ್ದಾಗಿನಿಂದ ಇದಕ್ಕೇನೂ ಗೊತ್ತಾಗಲ್ಲ. ಇವತ್ತಾದ್ರೂ ನೋವಾಗುತ್ತೇನೋ ಅಂತ ನೋಡ್ತಿದ್ದೀನಿ."